ಅಚಿರೊ ಅತ್ತ ಗೋರಿ

ಶಿಬಿರದಲ್ಲಿ ಕಳೆದ ಹನ್ನೊಂದು ವರ್ಷವೂ ಅಚಿರೊ ಭಾನುವಾರ ತಪ್ಪದೆ ತನ್ನ ಹೊಲದ ಚೆಕ್ಕುಬಂದಿ ಒಪ್ಪಿಸುತ್ತಿದ್ದಳು. ಪಾದ್ರಿಗಳು ಕೊನೆಯ ಆಶೀರ್ವಾದ ಮುಗಿಸಿ ಬೆನ್ನು ತಿರುಗಿಸಿದರೆ ಸಾಕು, ಇವಳು ತಗಡಿನ ಚರ್ಚಿನ ಬಾಗಿಲಿಗೆ ಅಡ್ಡ ನಿಂತು ಶುರು ಮಾಡುವಳು: “ಮೂಡಲಿಗೆ ಹಳ್ಳ, ಹಳ್ಳದ ದಂಡೆಗೆ ಅತ್ತಿಮರ. ಅತ್ತಿಮರದಿಂದ ಬಡಗಲಿಗೆ ನೂರಾ ನಲವತ್ತು ಹೆಜ್ಜೆ, ಅಲ್ಲಿ ಜೋಡಿ ಹುತ್ತ. ಹುತ್ತದಿಂದ ಪಡುವಲಿಗೆ ಒಬಾಲಿಮನ ಅಪ್ಪ ನೆಟ್ಟ ಕತ್ತಾಳೆ ಸಾಲು. ಅಲ್ಲಿಂದ ತೆಂಕಲಿಗೆ ರಸ್ತೆ.” ಜನ ಹಿಂಬಾಗಿಲಿಂದ ತಪ್ಪಿಸಿಕೊಳ್ಳುತ್ತಿದ್ದರು. ಶಿಬಿರದ ಹುಡುಗಿಯರು ಹಗ್ಗದಾಟಕ್ಕೆ ಅದನ್ನೇ ಹಾಡು ಮಾಡಿಕೊಂಡಿದ್ದರು.

ನಾನು ಶಿಬಿರದ ಶಾಲೆಯಲ್ಲಿ ಮೇಷ್ಟ್ರಾಗಿದ್ದೆ. ಒಂದು ದಿನ ಕೇಳಿಯೇ ಬಿಟ್ಟೆ. “ಯಾಕಮ್ಮಾ ವಾರ ವಾರ ಇದೇ ಪುರಾಣ?”

“ನೀವು ಮಗ್ಗಿ ಯಾಕೆ ದಿನಾ ಹೇಳಿಸ್ತೀರಾ ಮೇಷ್ಟ್ರೇ? ಮಕ್ಕಳು ಮರೀಬಾರ್ದು ಅಂತ ತಾನೆ? ಹಂಗೇ ಇದು. ನಾನು ಮರೆಯಲ್ಲ. ಇವರು ಮರೀತಾರೆ.”

ಅವಳ ಊರೂ ನನ್ನ ಊರೂ ಒಂದೇ, ತೆ-ಒಲಾಮ್. ಕಾಡು ಸೇರಿದ ಬಂಡುಕೋರರಿಗೂ ಸರ್ಕಾರದ ಸೈನಿಕರಿಗೂ ನಡುವೆ ಸಿಕ್ಕಿ ನಮ್ಮ ಅಚೋಲಿ ಸೀಮೆ ನಜ್ಜುಗುಜ್ಜಾದಾಗ ನಲವತ್ತೆಂಟು ಗಂಟೆಯಲ್ಲಿ ಊರು ಬಿಟ್ಟು ಶಿಬಿರಕ್ಕೆ ನಡೆಯಿರಿ ಎಂದು ಸೈನಿಕರು ಲಾರಿ ತಂದಿದ್ದರು. ಅಚಿರೊ ಒಂದು ಮಡಕೆ, ಎರಡು ಕೋಳಿ, ಗಂಡ ಓಲ್ವೆಡೊ ಮತ್ತು ಮಗಳು ಅಲಾನ್ಯೊಳನ್ನು ಹತ್ತಿಸಿಕೊಂಡು ಬಂದಳು. ಮೊದಲ ವರ್ಷ ಕೋಳಿಗಳು ಹೋದವು, ಮೂರನೆಯ ವರ್ಷ ಜ್ವರದಲ್ಲಿ ಗಂಡ ಹೋದ. ಅವನನ್ನು ಶಿಬಿರದ ಹಿಂದೆ, ಯಾರದೋ ಜಾಗದಲ್ಲಿ ಮಣ್ಣು ಮಾಡಬೇಕಾಯಿತು. ಮಗಳು ದೊಡ್ಡವಳಾಗಿ ಗುಲು ಪೇಟೆಗೆ ಹೊಲಿಗೆ ಕಲಿಯಲು ಹೋಗಿ, ಅಲ್ಲೇ ಒಬ್ಬನನ್ನು ಕಟ್ಟಿಕೊಂಡಳು. ಮಡಕೆ ಮಾತ್ರ ಕೊನೆಯವರೆಗೂ ಉಳಿಯಿತು.

ಕಾಳಗ ನಿಂತು ನಾವೆಲ್ಲ ಊರಿಗೆ ಮರಳಿದಾಗ ಅಲ್ಲಿ ಊರೇ ಇರಲಿಲ್ಲ. ಆಳೆತ್ತರದ ಹುಲ್ಲು. ಅತ್ತಿಮರವನ್ನು ಯಾರೋ ಇದ್ದಿಲಿಗೆ ಕಡಿದಿದ್ದರು. ಗಂಡಸರು ಕೈಯಲ್ಲಿ ಮಚ್ಚು ಹಿಡಿದುಕೊಂಡು ತಮ್ಮ ಮನೆ ಯಾವ ದಿಕ್ಕಿಗಿತ್ತೆಂದು ತಿಳಿಯದೆ ನಿಂತಲ್ಲೇ ಸುತ್ತುತ್ತಿದ್ದರೆ, ಅಚಿರೊ ಹುಲ್ಲಿನೊಳಗೆ ನುಗ್ಗಿದಳು. ಒಂದು ಗಂಟೆ ಅವಳ ಬೈಗುಳ ಮಾತ್ರ ಕೇಳಿಸುತ್ತಿತ್ತು. ಆಮೇಲೆ ಗುದ್ದಲಿ ಕಲ್ಲಿಗೆ ತಾಗಿದ ಸದ್ದಾಯಿತು. ಅವಳ ಅತ್ತೆಯ ಕಾಲದ ಬೀಸುವ ಕಲ್ಲು ನಡುವೆ ಗುಳಿಬಿದ್ದು, ಮೊಣಕಾಲುದ್ದ ಮಣ್ಣಿನಡಿಯಲ್ಲಿತ್ತು. ಅವಳು ಅದರ ಮೇಲೆ ಕುಳಿತು ಸೆರಗಿನಿಂದ ಮುಖ ಒರೆಸಿಕೊಂಡು, “ಅಡುಗೆಮನೆ ಸಿಕ್ತು. ಇನ್ನು ಉಳಿದ ಮನೆ ಎಲ್ಲಿಗೆ ಹೋಗುತ್ತೆ?” ಎಂದಳು.

ಅಲ್ಲೇ ಗುಡಿಸಲು ಎಬ್ಬಿಸಿದಳು. ಎಳ್ಳು, ನೆಲಗಡಲೆ, ಸ್ವಲ್ಪ ರಾಗಿ ಬೆಳೆದಳು. ಐದು ವರ್ಷ ಯಾರೂ ಅವಳ ತಂಟೆಗೆ ಬರಲಿಲ್ಲ. ತಂಟೆ ಬಂದದ್ದು ಕಾಗದದ ಜೊತೆಗೆ.

ಜಿಲ್ಲೆಯಿಂದ ಒಬ್ಬ ಹುಡುಗಿ ಮೈಕು ಹಿಡಿದುಕೊಂಡು ಬಂದು, ಇನ್ನು ಮುಂದೆ ಪ್ರತಿ ಮನೆಯವರ ಜಮೀನಿಗೂ ಸರ್ಕಾರ ಹಕ್ಕಿನ ಕಾಗದ ಕೊಡುತ್ತದೆ ಎಂದು ಸಾರಿದಳು. ಕಾಗದ ಬೇಕಾದರೆ ಸಾಕ್ಷಿ ಬೇಕು: ಗಡಿ ಮರ, ಹಳೆಯ ಮನೆಯ ಗುರುತು, ಅಕ್ಕಪಕ್ಕದವರ ಮಾತು, ಹಿರಿಯರ ಗೋರಿ. ಅವಳು ಹೇಳಿದ ನಾಲ್ಕರಲ್ಲಿ ನಮ್ಮ ಜನ ಕಿವಿಗೆ ಹಾಕಿಕೊಂಡದ್ದು ಕೊನೆಯದನ್ನು ಮಾತ್ರ. ಮರ ಬೆಳೆಯಲು ವರ್ಷಗಳು ಬೇಕು, ಅಕ್ಕಪಕ್ಕದವರು ಮೊದಲೇ ಆಗದವರು. ಗೋರಿಯಾದರೆ ಒಂದು ರಾತ್ರಿಯ ಕೆಲಸ.

ಆ ತಿಂಗಳು ನಮ್ಮೂರಲ್ಲಿ ಹದಿನಾಲ್ಕು ಅಜ್ಜಂದಿರ ಗೋರಿಗಳು ಎದ್ದವು. ಸತ್ತವರು ಮಾತ್ರ ಯಾರೂ ಇರಲಿಲ್ಲ. ಒಬ್ಬ ಅಣ್ಣ ಮತ್ತು ಒಬ್ಬ ತಮ್ಮ ಒಂದೇ ಅಪ್ಪನಿಗೆ ಎರಡು ಕಡೆ ಗೋರಿ ಕಟ್ಟಿ, ಕೇಳಿದವರಿಗೆ “ಅಪ್ಪ ದೊಡ್ಡ ಆಳು” ಎಂದರು.

ಜಮೀನಿನ ಸಮಿತಿ ಎಂದು ಒಂದಾಯಿತು. ಅದಕ್ಕೆ ಒಬಾಲಿಮ್ ಮುಖ್ಯಸ್ಥ. ಅವನು ನಮ್ಮೂರ ಗುದ್ದಲಿ ಯಜಮಾನ. ಯಾರು ಎಲ್ಲಿ ಉಳಬೇಕು, ಯಾರ ಮೇಕೆ ಯಾರ ಹೊಲ ಮೇಯ್ದಿತು ಎಂಬುದನ್ನೆಲ್ಲ ಅವನೇ ತೀರ್ಮಾನಿಸುವುದು. ಉದ್ದ ಕಾಲಿನ, ಸಣ್ಣ ಮಾತಿನ ಮನುಷ್ಯ. ಬರೆಯಲು ಬರುತ್ತದೆಂಬ ಒಂದೇ ತಪ್ಪಿಗೆ ನನ್ನನ್ನು ಕಾರ್ಯದರ್ಶಿ ಮಾಡಿದರು.

ಒಂದು ಬೆಳಗ್ಗೆ ಅಚಿರೊ ನೆಲಗಡಲೆ ಕೀಳಲು ಹೋದಾಗ ಹೊಲದ ತೆಂಕಣ ಮೂಲೆಯಲ್ಲಿ, ರಸ್ತೆಗೆ ತಾಗಿದಂತೆ, ಒಂದು ಸಿಮೆಂಟ್ ಗೋರಿ ನಿಂತಿತ್ತು. ಆ ಮೂಲೆಯ ಎದುರಿಗೆ ಸಂತೆ ಕಟ್ಟೆ ಬರುತ್ತದೆಂದು ಸುದ್ದಿಯಿತ್ತು. ಗೋರಿಯ ಮೇಲೆ ಮೊಳೆಯಿಂದ ಗೀಚಿ ಬರೆದಿತ್ತು: “ಒಪೊಕ. ಮರಣ 1938. ಈ ಜಾಗ ಇವನದೇ.” ಮೂವತ್ತೆಂಟರಲ್ಲಿ ಸತ್ತವನ ಎದೆಯ ಮೇಲೆ ಆ ಮುಂಜಾನೆಯ ಕೋಳಿ ಹೆಜ್ಜೆಗಳು ಇನ್ನೂ ಹಸಿಯಾಗಿದ್ದವು.

ಒಪೊಕನ ಮೊಮ್ಮಗ ಯಾರೆಂದು ಕೇಳಬೇಕಾಗಿರಲಿಲ್ಲ. ಕೂಡುರಸ್ತೆಯಲ್ಲಿ ಅಂಗಡಿ ಇಟ್ಟಿದ್ದ ಕಿನ್ಯೆರ, ಓಲ್ವೆಡೊನಿಗೆ ದೂರದ ದಾಯಾದಿ, ಅಚಿರೊಗೆ ಮೈದುನನಾಗಬೇಕು. ಬೆವರು ಕಿತ್ತುಕೊಂಡು ಬರುವ ಬಿಸಿಲಲ್ಲೂ ಕೋಟು ಬಿಚ್ಚದವನು. ಜಿಪುಣತನದಲ್ಲಿ ಅವನನ್ನು ಮೀರಿಸಿದವರು ನಮ್ಮ ಸೀಮೆಯಲ್ಲಿಲ್ಲ. ಬಾಯಾರಿ ಬಂದವರಿಗೆ ನೀರು ಕೊಟ್ಟರೂ ಲೋಟ ತುಂಬುತ್ತಿರಲಿಲ್ಲ. ಅವನ ಲೆಕ್ಕ ಸರಳವಾಗಿತ್ತು. ಗಂಡುಮಗನಿಲ್ಲದ ವಿಧವೆ, ಗಂಡನ ಗೋರಿಯೂ ಹೊಲದಲ್ಲಿಲ್ಲ. ತನ್ನ ಹತ್ತಿರವಾದರೂ ಒಂದು ಗೋರಿ ಇದೆ.

ಸುದ್ದಿ ತಿಳಿದು ನಾನು ಓಡಿದೆ. ಅಚಿರೊ ಗುದ್ದಲಿಯಿಂದ ಗೋರಿಯನ್ನೂ, ಆಮೇಲೆ ಕಿನ್ಯೆರನ ತಲೆಯನ್ನೂ ಒಡೆದಿರುತ್ತಾಳೆ ಎಂದುಕೊಂಡಿದ್ದೆ. ಹೋಗಿ ನೋಡಿದರೆ ಅವಳು ಗೋರಿಯ ಪಕ್ಕ ಕುಳಿತು ಎದೆ ಬಡಿದುಕೊಂಡು ಅಳುತ್ತಿದ್ದಳು. ಸುಮ್ಮನೆ ಅಳುವಲ್ಲ, ಸತ್ತ ಮನೆಯ ಅಳು, ಮೂರು ಊರಿಗೆ ಕೇಳುವಂಥದ್ದು.

“ಅಯ್ಯೋ ಮಾವಾ, ಇಷ್ಟು ವರ್ಷ ಇಲ್ಲೇ ಮಲಗಿದ್ದೆಯಲ್ಲೋ. ನಿನ್ನ ತಲೆ ಮೇಲೆ ನೆಲಗಡಲೆ ಬಿತ್ತಿದೆನಲ್ಲೋ. ನಿನ್ನ ಹೊಟ್ಟೆ ಮೇಲೆ ಮೇಕೆ ಕಟ್ಟಿದೆನಲ್ಲೋ.”

ನಮ್ಮಲ್ಲಿ ಹೆಂಗಸು ಹಾಗೆ ಅತ್ತರೆ ಕೇಳಿದವರು ಕೆಲಸ ಬಿಟ್ಟು ಬರಲೇಬೇಕು. ಬಂದರು. ಯಾರು ಸತ್ತರು ಎಂದು ಕೇಳಿದರು.

“ಕಿನ್ಯೆರನ ಅಜ್ಜ,” ಎಂದಳು ಅಚಿರೊ, ಮೂಗು ಸೀಟಿಕೊಂಡು. “ಅಂಗಡಿಗೆ ಹೋಗಿ. ಪಾಪ, ದುಃಖದಲ್ಲಿದಾನೆ. ಜೊತೆಗಿರಿ.”

ಸತ್ತವರ ಮನೆಗೆ ಹೋದರೆ ಚಹಾ, ಮುದ್ದೆ, ಕಾಳಿನ ಸಾರು ಕೊಡುವುದು ಸೀಮೆಯ ಕಟ್ಟಳೆ. ಮಧ್ಯಾಹ್ನದ ಹೊತ್ತಿಗೆ ನಲವತ್ತು ಜನ ಕಿನ್ಯೆರನ ಅಂಗಳದಲ್ಲಿ ಚಾಪೆ ಹಾಸಿ ಕುಳಿತಿದ್ದರು. ಅವನ ಹೆಂಡತಿ ಲಮುನು ಮೊದಲು ಕಂಗಾಲಾದಳು, ಆಮೇಲೆ ವಿಷಯ ತಿಳಿದು ದೊಡ್ಡ ಪಾತ್ರೆ ಒಲೆಗೇರಿಸಿದಳು. ಸಕ್ಕರೆ ಅಂಗಡಿಯ ಚೀಲದಿಂದಲೇ ಬಂತು. ಕಿನ್ಯೆರ ಗಲ್ಲಾದ ಹಿಂದೆ ನಿಂತು ಪ್ರತಿ ಚಮಚವನ್ನೂ ನೋಡುತ್ತಿದ್ದ.

ಮೂರನೆಯ ದಿನ ಸಮಿತಿ ಮಾವಿನ ಮರದಡಿ ಸೇರಿತು. ಊರಿಗೆ ಊರೇ ಬಂದಿತ್ತು.

“ಕಿನ್ಯೆರ, ಅದು ನಿಮ್ಮ ಅಜ್ಜನ ಗೋರಿ ಅಂತೀಯ,” ಎಂದ ಒಬಾಲಿಮ್.

“ಹೌದು ಯಜಮಾನ್ರೇ. ಒಪೊಕ ಅಂತ. ದೊಡ್ಡ ಬೇಟೆಗಾರ.”

“ಇಷ್ಟು ವರ್ಷ ಎಲ್ಲಿತ್ತು ಅದು?”

“ಇಲ್ಲೇ ಇತ್ತು. ಮಣ್ಣಿನದು, ಮಳೇಗೆ ಸವೆದಿತ್ತು. ಮೊಮ್ಮಗ ಅನ್ನಿಸ್ಕೊಂಡೋನು ಎರಡು ಚೀಲ ಸಿಮೆಂಟ್ ಹಾಕ್ಸಬಾರ್ದಾ?”

ಎಲ್ಲರೂ ಅಚಿರೊಳ ಕಡೆ ತಿರುಗಿದರು. ಅವಳು ಜಗಳ ತೆಗೆದರೆ ಎರಡು ದಿನ ನಡೆಯುತ್ತದೆಂದು ಕೆಲವರು ಬುತ್ತಿ ಕಟ್ಟಿಕೊಂಡೇ ಬಂದಿದ್ದರು.

“ಹಾಕ್ಸಬೇಕಾದ್ದೇ,” ಎಂದಳು ಅವಳು. “ನಮ್ಮ ಮೈದುನ ದೊಡ್ಡ ಮನಸ್ಸಿನೋನು. ನಾನು ಒಪ್ತೀನಿ. ಮಾವ ಅಲ್ಲೇ ಮಲಗಿದಾನೆ.”

ನನ್ನ ಲೇಖನಿ ನಿಂತುಹೋಯಿತು. ಕಿನ್ಯೆರ ಕೋಟಿನ ಗುಂಡಿ ಸರಿಮಾಡಿಕೊಂಡು, “ಬರೀರಿ ಮೇಷ್ಟ್ರೇ, ಅತ್ತಿಗೆ ಒಪ್ಪಿದಳು ಅಂತ ಬರೀರಿ,” ಎಂದ.

“ಬರೀಲಿ. ಅದಕ್ಕೂ ಮುಂಚೆ ಒಂದು ಮಾತು ಕೇಳ್ತೀನಿ ಯಜಮಾನ್ರೇ. ಈ ಮಾವನ ಕೊನೇ ಕಾರ್ಯ ಆಗಿದ್ದು ಇಲ್ಲಿ ಯಾರಾದ್ರೂ ನೋಡಿದೀರಾ? ಹೋರಿ ಕಡಿದಿದ್ದು, ಕುಲದೋರು ಕುಣಿದಿದ್ದು, ಸೋದರತ್ತೇರು ಬಂದಿದ್ದು?”

ಯಾರೂ ನೋಡಿರಲಿಲ್ಲ.

“ಅದೇ ನೋಡಿ. ಕಾರ್ಯ ಆಗದ ಹಿರಿಯ ಸುಮ್ಮನಿರ್ತಾನಾ? ಹೋದ ವರ್ಷ ನನ್ನ ಎಳ್ಳು ಜೊಳ್ಳಾಯ್ತು. ಒಬಾಲಿಮಣ್ಣ, ನಿನ್ನ ಸೊಸೆಗೆ ಹಲ್ಲುನೋವು ಬಂತು. ಮೇಷ್ಟ್ರ ಸೈಕಲ್ಲು ಎರಡು ಸಲ ಪಂಕ್ಚರ್ ಆಯ್ತು. ಈಗ ಗೋರಿ ಬೇರೆ ಕಟ್ಟಿ ಅವನನ್ನ ಎಬ್ಬಿಸಿದೀವಿ.”

ಜನರಲ್ಲಿ ಗುಜುಗುಜು ಎದ್ದಿತು. ತಮಗೆ ತಮಗೆ ಬಂದಿದ್ದ ಕಷ್ಟಗಳನ್ನು ಒಬ್ಬೊಬ್ಬರೇ ಒಪೊಕನ ಲೆಕ್ಕಕ್ಕೆ ಸೇರಿಸತೊಡಗಿದರು. ಕಿನ್ಯೆರ, “ಅದು... ಆ ಕಾಲದಲ್ಲಿ ಸಣ್ಣದಾಗಿ ಮಾಡಿದ್ರು ಅಂತ ಕೇಳಿದೀನಿ,” ಎಂದ.

“ಸಣ್ಣದಾಗಾ? ದೊಡ್ಡ ಬೇಟೆಗಾರನಿಗಾ?”

ಒಬಾಲಿಮ್ ಬಹಳ ಹೊತ್ತು ಗಡ್ಡ ಕೆರೆದುಕೊಂಡ. ಅವನಿಗೆ ಎಲ್ಲ ಅರ್ಥವಾಗಿತ್ತು ಎಂದು ನನಗೆ ಈಗಲೂ ಅನ್ನಿಸುತ್ತದೆ. “ಕಾರ್ಯ ಆಗದ ಗೋರಿಯನ್ನ ಸಮಿತಿ ಲೆಕ್ಕಕ್ಕೆ ತಗೊಳ್ಳಲ್ಲ,” ಎಂದ. “ಬರೋ ಶನಿವಾರಕ್ಕೆ ಕಾರ್ಯ, ಖರ್ಚು ಮೊಮ್ಮಗನದು. ಕುಲದೋರಿಗೆಲ್ಲ ಹೇಳಿ ಕಳಿಸ್ತೀನಿ. ಮುಗಿದ ಮೇಲೆ ಜಮೀನು ಬರೆಯೋಣ.”

ಹೇಳಿ ಕಳಿಸುವ ಕೆಲಸವನ್ನು ಅಚಿರೊ ತಾನೇ ವಹಿಸಿಕೊಂಡಳು. ಒಂದು ವಾರ ಅವಳು ಹೊಲದ ಕಡೆ ತಲೆ ಹಾಕಲಿಲ್ಲ. ಕಿನ್ಯೆರನಿಗೇ ಗೊತ್ತಿಲ್ಲದ ಅವನ ನೆಂಟರನ್ನೆಲ್ಲ ನಡೆದು ಹುಡುಕಿದಳು. ಬುಧವಾರದಿಂದಲೇ ಅವರು ಬರತೊಡಗಿದರು, ಡೋಲಿನೊಂದಿಗೆ, ಮೊಮ್ಮಕ್ಕಳೊಂದಿಗೆ. ಲಮುನುವಿನ ಒಲೆ ಆರಲಿಲ್ಲ. ಬಾವಿಕಟ್ಟೆಯಲ್ಲಿ ಅವಳು ನನ್ನ ಹೆಂಡತಿಯ ಹತ್ತಿರ ಹೇಳಿಕೊಂಡಳಂತೆ: “ಮದುವೆಯಾಗಿ ಇಪ್ಪತ್ತು ವರ್ಷ ಆಯ್ತು ಅಕ್ಕ. ನಮ್ಮನೆಗೆ ನೆಂಟರು ಬಂದಿದ್ದು ಇದೇ ಮೊದಲು. ಕೆಲಸ ಹೆಚ್ಚಾಯ್ತು ನಿಜ, ಆದ್ರೆ ಅವರ ಮುಖ ನೋಡೋಕೆ ಚೆಂದ.”

ಗುರುವಾರ ಬಂದವಳು ಲಕೊತ್, ಕಿನ್ಯೆರನ ಅಪ್ಪನ ಅಕ್ಕ. ಎಂಬತ್ತೈದು ದಾಟಿದ ಮುದುಕಿ, ಬಾಡಿಗೆ ಸೈಕಲ್ಲಿನ ಹಿಂದೆ ದಿಂಬು ಹಾಕಿಸಿಕೊಂಡು ಅರ್ಧ ದಿನದ ದಾರಿ ಬಂದಿದ್ದಳು. ಒಪೊಕನ ಸ್ವಂತ ಮಗಳು. ಬಂದವಳೇ ಕಾರ್ಯಕ್ಕೆಂದು ಕಿನ್ಯೆರ ತಂದು ಅಂಗಳದ ಬೇವಿನ ಮರಕ್ಕೆ ಕಟ್ಟಿದ್ದ ಹೋರಿಯನ್ನು ಎಲ್ಲ ಕಡೆಯಿಂದಲೂ ಮುಟ್ಟಿ ನೋಡಿ, ಅದರ ಎದುರಿಗೇ ಚಾಪೆ ಹಾಕಿಸಿಕೊಂಡಳು.

ಶುಕ್ರವಾರ ಬೆಳಗ್ಗೆ ಕಿನ್ಯೆರ ಅವಳ ಹತ್ತಿರ ಕುಕ್ಕರುಗಾಲಲ್ಲಿ ಕುಳಿತ. ಲಮುನು ಪಕ್ಕದಲ್ಲೇ ಕಾಳು ಆರಿಸುತ್ತಿದ್ದುದರಿಂದ ಆ ಮಾತುಕತೆ ಊರಿಗೆಲ್ಲ ಅಕ್ಷರಶಃ ಗೊತ್ತು.

“ಅತ್ತೇ, ನಾಳೆ ಹಿರಿಯರು ಅಜ್ಜನ ವಿಷಯ ಕೇಳ್ತಾರೆ. ಏನಂತೀಯ?”

“ಏನನ್ನಲಿ ಕಂದಾ? ಅಪ್ಪನ್ನ ಮಣ್ಣು ಮಾಡಿದ್ದು ಬೆಟ್ಟದಾಚೆ. ನಾನೇ ಒಂದು ಹಿಡಿ ಮಣ್ಣು ಹಾಕಿದೀನಿ. ಕಾರ್ಯವೂ ಆವಾಗ್ಲೇ ಆಯ್ತು, ಎರಡು ಹೋರಿ ಕಡಿದಿದ್ರು.”

“ಹಂಗಂತ ಹೇಳಿಬಿಡ್ತೀಯಾ?”

“ಹೇಳ್ದೆ ಮತ್ತೆ? ಸಾಯೋ ವಯಸ್ಸಲ್ಲಿ ಸುಳ್ಳು ಹೇಳ್ಲಾ?”

“ಬಂದ ದಿನವೇ ಯಾಕೆ ಹೇಳ್ಳಿಲ್ಲ ಅತ್ತೇ?”

“ಹೋರಿ ಇನ್ನೂ ನಿಂತಿದೆಯಲ್ಲ. ಹೊಟ್ಟೆ ಖಾಲಿ ಇದ್ದಾಗ ನನಗೆ ಹಳೇದೆಲ್ಲ ಸರಿಯಾಗಿ ನೆನಪಾಗಲ್ಲ.”

ಕಿನ್ಯೆರ ಅಲ್ಲೇ ಕೂತು ಯೋಚಿಸಿದ. ನಾಳೆ ಹೋರಿ ಹೋಗುತ್ತದೆ, ಅದು ಅರಗುವ ಹೊತ್ತಿಗೆ ಜಮೀನೂ ಹೋಗುತ್ತದೆ. ಇವತ್ತೇ ಬಾಯಿ ಬಿಟ್ಟರೆ ಹೋರಿಯಾದರೂ ಉಳಿಯುತ್ತದೆ. ಅವನು ಎದ್ದು ನೆಟ್ಟಗೆ ಒಬಾಲಿಮನ ಮನೆಗೆ ಹೋದ. ಹಿರಿಯರೆಲ್ಲ ಅಲ್ಲಿ ಕುಳಿತು ನಾಳೆಯ ಮಾಂಸದಲ್ಲಿ ಯಾರಿಗೆ ಯಾವ ಪಾಲು ಎಂದು ಮಾತಾಡುತ್ತಿದ್ದರು. ಪಟ್ಟಿ ಬರೆದುಕೊಳ್ಳಲು ನನ್ನನ್ನೂ ಕರೆಸಿದ್ದರು.

“ಯಜಮಾನ್ರೇ, ಅಲ್ಲಿ ಅಜ್ಜ ಇಲ್ಲ,” ಎಂದ ಕಿನ್ಯೆರ.

“ಎಲ್ಲಿ ಹೋದ?” ಎಂದ ಒಬಾಲಿಮ್.

“ಎಲ್ಲೂ ಹೋಗಿಲ್ಲ. ಬಂದೇ ಇರ್ಲಿಲ್ಲ.”

“ಹಂಗಾದ್ರೆ ಒಳಗೇನಿದೆ?”

“ಕಲ್ಲು. ಮತ್ತೆ ಒಂದು ಹರಿದ ಗೋಣಿಚೀಲ.”

ಯಾರೂ ನಗಲಿಲ್ಲ. ನಗದಿರಲು ನಾನು ಪಟ್ಟ ಪಾಡು ನನಗೇ ಗೊತ್ತು. ಎಲ್ಲರಿಗಿಂತ ಹಿರಿಯನಾದವನು ನಿಧಾನವಾಗಿ ಹೇಳಿದ: “ಖಾಲಿ ಗೋರಿ ಕೆಟ್ಟದ್ದಪ್ಪಾ. ಅದು ಬಾಯಿ ತೆರಕೊಂಡು ಆಳು ಕೇಳುತ್ತೆ. ನೀನು ಬದುಕಿರೋ ಊರಿಗೆ ಬಲೆ ಹಾಕಿದೀಯ. ಇದಕ್ಕೆ ಮೈಲಿಗೆ ಕಳೀಬೇಕು, ಗೋರಿ ಒಡೆದು ಆಳಿನ ಬದಲಿಗೆ ಬಾಳೆದಿಂಡು ಹೂಳಬೇಕು.”

“ಮಾಡ್ತೀನಿ. ಒಂದು ಕೋಳಿ ಸಾಕಾ?”

“ಕೋಳಿಗೆ ಹೋಗೋ ಮೈಲಿಗೆ ಅಲ್ಲ ಇದು. ಹೋರಿ ಬೇಕು.” ಅವನು ಸ್ವಲ್ಪ ತಡೆದು, “ಹೆಂಗೂ ಕಟ್ಟಿದೀಯಲ್ಲ,” ಎಂದ.

ಶನಿವಾರ ಗೋರಿ ಒಡೆದರು. ಗಂಡಸರು ಸುತ್ತಿಗೆ ಹಾಕಿದಾಗ ಕಿನ್ಯೆರನೂ ಒಂದೆರಡು ಏಟು ಹಾಕಬೇಕಾಯಿತು, ಅದಕ್ಕಾಗಿ ಕೋಟು ಬಿಚ್ಚಿದ. ಅದರ ಒಳಗಿನ ಅಂಗಿಗೆ ಬೆನ್ನೇ ಇರಲಿಲ್ಲವೆಂದು ಊರಿಗೆ ಅವತ್ತು ತಿಳಿಯಿತು. ಹೋರಿಯನ್ನು ಲಮುನುವೇ ಬಿಚ್ಚಿ ತಂದು ಒಪ್ಪಿಸಿದಳು. ಅಚಿರೊ ಮುದುಕಿ ಲಕೊತ್ ಪಕ್ಕದಲ್ಲಿ ಕುಳಿತು ಹೊಟ್ಟೆ ತುಂಬ ಉಂಡಳು. ಮುದುಕಿ ಎರಡನೇ ಸಲ ಬಡಿಸಿಕೊಂಡಾದ ಮೇಲೆ ತನ್ನ ಅಪ್ಪನ ನಿಜವಾದ ಗೋರಿ ಎಲ್ಲಿದೆಯೆಂದು ಬಹಳ ಸ್ಪಷ್ಟವಾಗಿ, ದಾರಿಯ ಮರಗಳ ಸಮೇತ ಹೇಳಿದಳು.

ಮುಂದಿನ ಸೋಮವಾರದೊಳಗೆ ಊರಿನ ಉಳಿದ ಗೋರಿಗಳು ಒಂದೊಂದಾಗಿ ಮಾಯವಾದವು. ಅಣ್ಣತಮ್ಮಂದಿರಿಬ್ಬರೂ ತಮ್ಮ ತಮ್ಮ ಅಪ್ಪನನ್ನು ತಾವೇ ಅಗೆದು ಸಮಮಾಡಿ, ಮೇಲೆ ಗೆಣಸಿನ ಬಳ್ಳಿ ನೆಟ್ಟರು.

ಅಚಿರೊಳ ಹೊಲ ಅಳೆಯುವ ದಿನ ಬಂತು. ಸಾಕ್ಷಿಗಳು ಯಾರು ಎಂದು ಜಿಲ್ಲೆಯ ಹುಡುಗಿ ಕೇಳಿದಳು. ಸುತ್ತ ನಿಂತಿದ್ದವರೆಲ್ಲ ಒಟ್ಟಾಗಿ “ಮೂಡಲಿಗೆ ಹಳ್ಳ” ಎಂದು ಶುರು ಮಾಡಿದರು. ಶಿಬಿರದಲ್ಲಿ ಹಗ್ಗದಾಟ ಆಡಿದ್ದ ಹುಡುಗಿಯರು ಈಗ ಕಂಕುಳಲ್ಲಿ ಕೂಸು ಹೊತ್ತುಕೊಂಡು ರಾಗವಾಗಿ ಹೇಳಿದರು. ತೊಡಕಾದದ್ದು ನೂರಾ ನಲವತ್ತು ಹೆಜ್ಜೆಗೆ. ಕಡಿದ ಅತ್ತಿಮರದ ಬುಡದಿಂದ ಒಬಾಲಿಮ್ ತನ್ನ ಉದ್ದ ಕಾಲಲ್ಲಿ ಹಾಕಿದಾಗ ಅದು ಪಕ್ಕದವನ ರಾಗಿಯೊಳಗೆ ಹೋಯಿತು. ಅಚಿರೊ ಹಾಕಿದಾಗ ಹೊಲದ ನಡುವೆಯೇ ಮುಗಿಯಿತು.

“ಇದು ಈಗಿನ ಹೆಜ್ಜೆ,” ಎಂದಳು ಅವಳು. “ನಾನು ಎಣಿಸಿದ್ದು ಮದುವೆಯಾಗಿ ಬಂದಾಗ. ಆವಾಗ ಮಂಡಿನೋವು ಇರ್ಲಿಲ್ಲ.”

ಕೊನೆಗೆ ಹುಲ್ಲು ಸವರಿ ಹುಡುಕಿದಾಗ ಜೋಡಿ ಹುತ್ತದ ಬುಡ ಸಿಕ್ಕಿತು. ಅಲ್ಲೊಂದು ಕತ್ತಾಳೆ ನೆಟ್ಟು, ಹುಡುಗಿ ತನ್ನ ಕೈಯ ಯಂತ್ರದಲ್ಲಿ ಗುರುತು ಹಾಕಿಕೊಂಡಳು. ಇನ್ನು ಉಳಿದದ್ದು ಅರ್ಜಿ ತುಂಬುವುದು. “ಮಾಲೀಕರ ಹೆಸರು” ಎಂಬಲ್ಲಿ ನಾನು ಲೇಖನಿ ಇಟ್ಟು ಕಾದೆ.

“ಓಲ್ವೆಡೊ ಅಂತ ಬರಿ,” ಎಂದ ಒಬಾಲಿಮ್.

“ಅವನು ತೀರಿಕೊಂಡು ಹದಿನಾಲ್ಕು ವರ್ಷ ಆಯ್ತಲ್ಲ ಯಜಮಾನ್ರೇ,” ಎಂದೆ.

“ಹಂಗಾದ್ರೆ ಅವನ ಮನೆತನ ಅಂತ ಬರಿ.”

“ಮನೆತನ ಅಂದ್ರೆ ಕಿನ್ಯೆರನೂ ಬಂದ,” ಎಂದಳು ಅಚಿರೊ.

ಒಬಾಲಿಮನ ಅಪ್ಪನಾಗಲಿ ಅಜ್ಜನಾಗಲಿ ಹೆಂಗಸಿನ ಹೆಸರಿಗೆ ಹೊಲ ಬರೆದವರಲ್ಲ. “ಬರಿ ಮೇಷ್ಟ್ರೇ, ಅಚಿರೊ ಅಂತಲೇ ಬರಿ,” ಎಂದ ಅವನು. “ಇನ್ನೊಂದು ಹೋರಿ ತಿನ್ನೋ ಶಕ್ತಿ ನನಗಿಲ್ಲ.”

ಕೆಳಗಿನ ಸಾಲಿನಲ್ಲಿ “ನಂತರದ ವಾರಸುದಾರರು” ಎಂದಿತ್ತು. ಅವಳು ಮಗಳು ಅಲಾನ್ಯೊಳ ಹೆಸರು ಹೇಳಿದಳು. ಹೆಣ್ಣುಮಗಳು, ಕೊಟ್ಟ ಮನೆ ಬೇರೆಯಲ್ಲವೇ ಎಂದು ಯಾರೋ ರಾಗ ಎಳೆದರು.

“ಕೊಟ್ಟ ಮನೆಯೋನು ಅವಳನ್ನ ಎರಡು ಮಕ್ಕಳ ಸಮೇತ ಬಿಟ್ಟು ಹೋದ. ಅವನು ಎಲ್ಲಿದಾನೆ ಅಂತ ನೀವು ಹುಡುಕಿಕೊಡಿ, ಅವನದ್ದೇ ಹೆಸರು ಬರೆಸ್ತೀನಿ,” ಎಂದಳು. ಹುಡುಕಲು ಯಾರೂ ಮುಂದೆ ಬರಲಿಲ್ಲ. ನಾನು ಅಲಾನ್ಯೊ ಎಂದು ಬರೆದೆ.

ಕಾಗದ ಬರಲು ಒಂದೂವರೆ ವರ್ಷ ಹಿಡಿಯಿತು. ಮೊದಲ ಸಲ ಬಂದದ್ದರಲ್ಲಿ ಅವಳನ್ನು ಗಂಡಸು ಎಂದು ಬರೆದಿದ್ದರು. ಅದನ್ನು ತಿದ್ದಲು ಕಳಿಸಿ ಮತ್ತೆ ನಾಲ್ಕು ತಿಂಗಳು ಕಾದೆವು. ಅಷ್ಟರಲ್ಲಿ ಅವಳು ಶಿಬಿರದ ಜಾಗದವರ ಕೈಕಾಲು ಹಿಡಿದು, ಗಂಡನ ಮೂಳೆಗಳನ್ನು ಬಿಳಿ ಬಟ್ಟೆಯಲ್ಲಿ ತಂದು ಗುಡಿಸಲಿನ ಹಿಂದೆ ಮಣ್ಣು ಮಾಡಿದಳು. ದಾಯಾದಿ ಎಂದ ಮೇಲೆ ಗುಂಡಿ ತೋಡುವುದು ಕಿನ್ಯೆರನ ಕರ್ತವ್ಯ. ಅವನು ಕರೆಯುವ ಮೊದಲೇ ಬಂದು ಎದೆಯುದ್ದ ತೋಡಿದ. ಅವತ್ತು ಅವಳು ಅತ್ತದ್ದು ಪಕ್ಕದಲ್ಲಿ ನಿಂತ ನನಗೂ ಕೇಳಿಸಲಿಲ್ಲ.

ಅಲಾನ್ಯೊ ಗುಲು ಪೇಟೆಯಿಂದ ಲಾರಿಯ ಮೇಲೆ ಹೊಲಿಗೆ ಯಂತ್ರ ಇಟ್ಟುಕೊಂಡು, ಎರಡು ಮಕ್ಕಳ ಜೊತೆ ಬಂದಿಳಿದಳು. ಸಂತೆ ಕಟ್ಟೆ ನಿಜಕ್ಕೂ ಬಂತು. ರಸ್ತೆ ಮೂಲೆಯಲ್ಲಿ ತಗಡಿನ ಮಾಡು ಹಾಕಿ, ಶಾಲೆಯ ಅಂಗಿಗಳನ್ನು ಹೊಲಿಯುತ್ತಾಳೆ. ಅಮ್ಮನ ನಾಲಗೆ ಮಗಳಿಗೂ ಬಂದಿದೆ. ಮೇಕೆ ಎಲ್ಲಿ ಕಟ್ಟಬೇಕು, ಎಳ್ಳು ಯಾವಾಗ ಬಿತ್ತಬೇಕು, ಇಬ್ಬರಿಗೂ ಒಂದು ದಿನವೂ ಒಮ್ಮತವಿಲ್ಲ.

ಮೊನ್ನೆ ಅಚಿರೊ ಶಾಲೆಯವರೆಗೂ ನಡೆದು ಬಂದಳು. “ಅವಳ ಹೆಸರು ಬರೆಸಿದ್ದೇ ತಪ್ಪಾಯ್ತು ಮೇಷ್ಟ್ರೇ. ನೀರಿನ ಹತ್ತಿರ ಎಲೆಕೋಸು ಹಾಕ್ತೀನಿ ಅಂತಾಳೆ. ಎಲೆಕೋಸು ಒಂದು ಊಟವಾ? ಕೇಳಿದ್ರೆ, ಹೊಲ ನಂದೂ ಅಲ್ವಾ ಅಂತಾಳೆ.”

“ತೆಗೆಸಿಬಿಡೋಣವಾ ಹೆಸರು? ಅರ್ಜಿ ಬರೀತೀನಿ.”

ಅವಳು ಬಾಗಿಲ ಕಂಬಕ್ಕೆ ಒರಗಿ ಯೋಚಿಸಿದಳು. “ಈಗ ಬೇಡ,” ಎಂದಳು. “ಎಲೆಕೋಸು ಹೆಂಗೆ ಬರುತ್ತೆ ನೋಡೋಣ.”